ಬಸವನನ್ನು ಹಿಂದಕ್ಕಟ್ಟಿದ ದಿನ

ಇಂಗ್ಲಿಷಿನ 'ರಿಪೆಲ್' ಪದವನ್ನು ವರ್ಷಕ್ಕೊಮ್ಮೆ ಪಾಠ ಮಾಡುತ್ತೇನೆ. ಮಾಡಿದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆಳಂದದ ಕಡೆಯಿಂದ ಗಡಿಯಾಚೆ ಮಹಾರಾಷ್ಟ್ರದ ದಾಳಿಂಬಕ್ಕೆ ಸೊಸೆಯಾಗಿ ಬಂದವಳು ನಾನು. ಬೆಳಗಿನ ಹೊತ್ತು ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಅವರಿಗೆ ಒಂದು ಪದ ತಿಳಿಸಲು ಮೂರು ಭಾಷೆಯಲ್ಲಿ ಬಾಯಿ ನೋಯಿಸಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ದಿನ ಹೀಗೆ ಹೇಳಿದೆ: ರಿಪೆಲ್ ಅಂದರೆ ಹಿಂದಕ್ಕಟ್ಟುವುದು. ಸೈನ್ಯ ವೈರಿಯನ್ನು ಅಟ್ಟುತ್ತದೆ, ಬತ್ತಿಯ ಹೊಗೆ ಸೊಳ್ಳೆಯನ್ನು ಅಟ್ಟುತ್ತದೆ, ಅಯಸ್ಕಾಂತದ ಒಂದೇ ಬಗೆಯ ತುದಿಗಳು ಮುಟ್ಟದೆಯೇ ಒಂದನ್ನೊಂದು ದೂರ ತಳ್ಳುತ್ತವೆ. ಹಿಂದೆ ಕೂತಿದ್ದ ಹುಡುಗಿ ಕೈ ಎತ್ತಿದಳು.

"ಮ್ಯಾಡಮ್, ನಮಗ ಬೇಕಾದೋರಿಗೂ ರಿಪೆಲ್ ಮಾಡ್ತಾರೇನ್ರೀ?"

"ಹುಚ್ಚಿ, ಬೇಕಾದೋರಿಗಿ ಯಾರಾರ ಓಡಸ್ತಾರೇನು? ಕೇಡು ಮಾಡ್ಲಾಕ ಬಂದೋರಿಗಷ್ಟೇ. ಬರ್ಕೊ."

ಬರೆದುಕೊಂಡಳು, ಪಾಪ.

ಜೂನಿನ ಮಿರಗದ ಮಳೆ ಬಿದ್ದು ನೆಲ ಬಿತ್ತನೆಗೆ ಹದವಾಗಿತ್ತು. ಹುಡುಗಿಯರು ಹೋದ ಮೇಲೆ ನಾನೂ ಅತ್ತೆಯೂ ಸೋಯಾಬೀನ್ ಬೀಜಕ್ಕೆ ಔಷಧ ಹಚ್ಚಿದೆವು. ಗಂಡ ಟ್ರ್ಯಾಕ್ಟರ್ ತರಲು ಉಮರ್ಗಾಕ್ಕೆ ಹೋಗಿದ್ದ. ಪುಡಿಯ ಪೊಟ್ಟಣದ ಮೇಲಿನ ಇಂಗ್ಲಿಷ್ ಓದಿ, "ಇದು ಹೊಟ್ಟಿಗಿ ಹೋದ್ರ ಮನಿಷ್ಯಾನೂ ಉಳಿಯಂಗಿಲ್ಲ, ದನಾನೂ ಉಳಿಯಂಗಿಲ್ರೀ" ಎಂದಿದ್ದೆ. ಅತ್ತೆ ಎರಡು ಸಲ ಸಾಬೂನಿನಿಂದ ಕೈ ತೊಳೆದಿದ್ದರು. ಸಲಿಕೆಯಿಂದ ಕಲಸಿ, ಔಷಧದಿಂದ ಕೆಂಪಾದ ಬೀಜವನ್ನು ಅಂಗಳದ ನೆರಳಿನಲ್ಲಿ ತಾಡಪತ್ರಿಯ ಮೇಲೆ ಹರವಿದೆವು.

ಆಗ ಬಸವ ಬಂದ.

ಅತ್ತೆಯ ಆಕಳು ಹಾಕಿದ ಮೊದಲ ಹೋರಿಗರು ಅವನು. ಹರಕೆ ಹೊತ್ತು ದೇವರಿಗೆ ಬಿಟ್ಟಿದ್ದರು. ದಿನಾ ಬೆಳಿಗ್ಗೆ ಅತ್ತೆಯ ಕೈಯಿಂದ ಒಂದು ರೊಟ್ಟಿ ತಿಂದೇ ಊರು ತಿರುಗಲು ಹೋಗುವವನು. ಈ ಮನೆಯಲ್ಲಿ ಒಂದು ಪದ್ಧತಿಯಿತ್ತು: ಅಂಗಳದಲ್ಲಿ ಯಾವ ಕಾಳು ಹರವಿದ್ದರೂ ಬಸವ ಬಂದರೆ ಕೈ ಮುಗಿದು ಸರಿಯಬೇಕು, ಮೊದಲ ಬಾಯಿ ಅವನದು. ಅದರಲ್ಲೂ ಬಿತ್ತುವ ಬೀಜಕ್ಕೆ ಅವನು ಬಾಯಿ ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆಂದು ಅತ್ತೆಯ ನಂಬಿಕೆ. ಅವರು ಸೆರಗು ಹೊದ್ದು, ಕೈ ಮುಗಿದು, ಸರಿದೇ ಬಿಟ್ಟರು!

"ಅತ್ತೀ, ಔಷಧ ಹಚ್ಚೀವಿ ಅದಕ್ಕ! ಅಂವಾ ಸಾಯ್ತಾನ!"

"ಒಂದು ಬಾಯಿ ತಗೋತಾನ ಬಿಡವ್ವ. ದೇವರಿಗೇನಾಗ್ತದ?"

ಓಡಿ ಹೋಗಿ ಬಸವನ ಎದುರು ನಿಂತೆ. "ಹೋಗಪ್ಪ, ಹೋಗೋ!" ಎಂದು ಕೈ ಬೀಸಿದೆ. ಎದುರು ನಿಂತವರು ಹಣೆ ಮುಟ್ಟಿ ನಮಸ್ಕಾರ ಮಾಡುವುದನ್ನಷ್ಟೇ ಬಲ್ಲವನು ಅವನು. ನನ್ನ ಕಡೆ ಹಣೆ ಚಾಚಿ ನಿಂತ. ಕುತ್ತಿಗೆಗೆ ಕೈ ಕೊಟ್ಟು ನೂಕಿದೆ. ಗೋಡೆ ನೂಕಿದಂತಾಯಿತು. ನನ್ನನ್ನು ಸುಮ್ಮನೆ ಪಕ್ಕಕ್ಕೆ ಸರಿಸಿ ತಲೆ ಬಗ್ಗಿಸಿದ. ಮೂಗಿನ ಉಸಿರಿಗೆ ಅಂಚಿನ ಕಾಳು ಅಲುಗಿದವು. ಸಲಿಕೆ ಎತ್ತಿಕೊಂಡೆ.

ಮೊದಲ ಏಟು ಭುಜಕ್ಕೆ ಬಿತ್ತು. ಅವನು ಅಲುಗಲಿಲ್ಲ, ತಲೆ ಎತ್ತಿ ನನ್ನನ್ನು ನೋಡಿದ, ಅಷ್ಟೇ. ಮತ್ತೆ ಬಗ್ಗಿದ. ಎರಡನೆಯದನ್ನು ಇದ್ದ ಶಕ್ತಿಯೆಲ್ಲ ಹಾಕಿ, ಸಲಿಕೆಯ ಹಿಡಿಯಿಂದ ಮೂಗಿನ ಮೇಲೆ ಹೊಡೆದೆ. ರಕ್ತ ಬಂತು. ಬಸವ ತಿರುಗಲಿಲ್ಲ, ನನ್ನನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ಓಣಿಗೆ ಇಳಿದ. ಆಮೇಲೆ ಓಡಿದ.

"ಕೈ ಕಡದು ಬೀಳ್ಲಿ ನಿಂದು!" ಅತ್ತೆ ಎದೆ ಬಡಿದುಕೊಂಡು ಚೀರಿದರು.

ನನಗೆ ಶಾಪ ಕೇಳಿಸಿಕೊಳ್ಳುವ ಹೊತ್ತೆಲ್ಲಿತ್ತು? ಅವನ ತುಟಿಗೆ ಕೆಂಪು ಹತ್ತಿದ್ದನ್ನು ನೋಡಿದ್ದೆ. ರಕ್ತವೋ, ಔಷಧವೋ? ಒಂದು ಬಾಯಿ ಒಳಗೆ ಹೋಗಿದ್ದರೆ? ತೊಳೆಯೋಣವೆಂದು ಬಕೆಟ್ ನೀರು ಹಿಡಿದು ಬೆನ್ನು ಹತ್ತಿದರೆ, ನನ್ನನ್ನು ಕಂಡು ಮತ್ತೂ ದೂರ ಓಡಿದ. ಕೊನೆಗೆ ಗುಡಿಯ ಹಿಂದಿನ ಬೇವಿನ ಮರದಡಿ ಮಲಗಿದ. ಅತ್ತೆ ಒದ್ದೆ ಸೆರಗಿನಿಂದ ಅವನ ಬಾಯಿ ಒರೆಸಿ, ಅನ್ನ ನೀರು ಬಿಟ್ಟು ಪಕ್ಕದಲ್ಲೇ ಕೂತರು. ನಾನು ಗುಡಿಯ ಮೂಲೆಯಲ್ಲಿ ಮರೆಯಾಗಿ ನಿಂತು ಅವನ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದೆ.

ಹೊತ್ತು ಇಳಿಯುವಾಗ ಅತ್ತೆ ನನ್ನ ಹತ್ತಿರ ಬಂದರು. "ಮೆಲಕ ಹಾಕ್ಲತ್ತಾನ, ಉಳದಾನವ್ವ," ಎಂದರು. ತಾವು ಶಪಿಸಿದ್ದ ನನ್ನ ಕೈಯನ್ನೇ ಹಿಡಿದುಕೊಂಡು ಗಳಗಳ ಅತ್ತರು. ನಾನೂ ಅತ್ತುಬಿಟ್ಟೆ.

ಮರುದಿನ ಅತ್ತೆ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತರು. ಬಸವ ಓಣಿಯ ತಿರುವಿನವರೆಗೆ ಬಂದ, ನಮ್ಮ ಅಂಗಳ ನೋಡಿದ, ತಿರುಗಿ ಹೋದ. ಅಂದಿನಿಂದ ಅತ್ತೆಯೇ ತಿರುವಿಗೆ ಹೋಗಿ ರೊಟ್ಟಿ ಕೊಟ್ಟು ಬರುತ್ತಾರೆ. "ಇರ್ಲಿ ಬಿಡು, ಅಂವಾ ಜೀವಂತ ಅದಾನಲ್ಲ," ಎನ್ನುತ್ತಾರೆ. ಆ ಹುಡುಗಿಯ ವಹಿಯಲ್ಲಿ ನನ್ನ ಉತ್ತರವನ್ನು ನಾನೇ ಹೊಡೆದುಹಾಕಿ, ಬೇಕಾದವರನ್ನೂ ಅಟ್ಟಬೇಕಾಗುತ್ತದೆ ಎಂದು ಬರೆಸಿದೆ.

ಈಗಲೂ ಮಿರಗದ ಮಳೆ ಬಿದ್ದಾಗ ಅತ್ತೆ ಒಂದು ಬುಟ್ಟಿಯಲ್ಲಿ ಔಷಧವಿಲ್ಲದ ಬೀಜ ತಂದು ಅಂಗಳದಲ್ಲಿಡುತ್ತಾರೆ. "ನೀ ಒಳಗ ಹೋಗವ್ವ, ಅಂವಾ ಬರ್ತಾನೇನು ನೋಡಮು," ಎನ್ನುತ್ತಾರೆ. ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಅವನು ಬರುವುದಿಲ್ಲ.