ಎಡಗೈಯವಳನ್ನು ಯಾರೂ ಕೇಳಿರಲಿಲ್ಲ

ಎರಡು ಸಾವಿರದ ಹದಿನೈದರ ಸುಮಾರಿಗೆ ನಾನು ಹೂಸ್ಟನ್ನಿನಲ್ಲಿ ವಾಲ್ವ್ ತಯಾರಿಸುವ ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿದ್ದೆ. ಕಂಪನಿಗೆ ಯುರೋಪಿನ ಮೂರು ದೇಶಗಳಲ್ಲಿ ಕಾರ್ಖಾನೆಗಳಿದ್ದವು. ಕೆಲಸಗಾರರ ಸುರಕ್ಷತೆಗೆ ಅಲ್ಲಿ ಮೂಲ ನಿಯಮ ಒಂದೇ. ಆದರೆ ಪ್ರತಿ ದೇಶವೂ ಅದನ್ನು ತನ್ನದೇ ಕಾನೂನಾಗಿ ಬರೆದುಕೊಂಡಿತ್ತು, ಜಾರಿ ಮಾಡುವ ಇನ್ಸ್‌ಪೆಕ್ಟರುಗಳೂ ಬೇರೆ ಬೇರೆ. ಮೂರೂ ಕಡೆಯ ಕಾಗದಪತ್ರಗಳು ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ಕಾರ್ಖಾನೆಗಳನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಒಂದು ಮಾರ್ಚಿನಲ್ಲಿ ಪೋರ್ಚುಗಲ್ಲಿನ ಕಾರ್ಖಾನೆಯಲ್ಲಿ ಹೆಂಗಸೊಬ್ಬಳ ಬೆರಳತುದಿ ಲೋಹ ಒತ್ತುವ ಪ್ರೆಸ್ಸಿಗೆ ಸಿಕ್ಕಿ ತುಂಡಾಯಿತು. ಯಂತ್ರ ಓಡುವಾಗ ಕೈ ಒಳಹೋಗದಂತೆ ತಡೆಯುವ ಜಾಲರಿ ಬಾಗಿಲನ್ನು ಆಕೆಯೇ ತಂತಿಯಿಂದ ಕಟ್ಟಿ ತೆರೆದಿಟ್ಟಿದ್ದಳಂತೆ. ವರದಿಯಲ್ಲಿ ಕಾರಣ, ‘ಅಜಾಗರೂಕತೆ’. ನಾನು ಸಹಿ ಹಾಕಿದೆ. ವಾರದೊಳಗೆ ಅಲ್ಲಿನ ಇನ್ಸ್‌ಪೆಕ್ಟರ್ ಬಂದು ಯಂತ್ರ ನಿಲ್ಲಿಸಿದರು. ಅವರ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಆಕೆಯನ್ನು ಕೇಳಿದಿರಾ?

ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ವಿಡಿಯೋ ಕಾಲ್. ಪರದೆಯ ಮೇಲೆ ಐವತ್ತರ ಆಸುಪಾಸಿನ ಹೆಂಗಸು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಭಾಷಾಂತರಕ್ಕೆಂದು ಅವರ ಆಫೀಸಿನ ಹುಡುಗಿ. ನನ್ನ ಪಟ್ಟಿಯ ಪ್ರಶ್ನೆಗಳಿಗೆಲ್ಲ ಹೌದು, ಇಲ್ಲ ಎಂದಷ್ಟೇ ಉತ್ತರ. ಕೊನೆಗೆ ಪಟ್ಟಿ ಬದಿಗಿಟ್ಟು, “ನೀವು ಹೇಗೆ ಕೆಲಸ ಮಾಡ್ತೀರಿ, ಒಂದು ಸಲ ತೋರಿಸ್ತೀರಾ?” ಎಂದೆ.

ಆಕೆ ಎದ್ದು ನಿಂತಳು. ಗಾಳಿಯಲ್ಲೇ ಬಿಡಿಭಾಗ ಹಿಡಿದು ಯಂತ್ರದೊಳಗೆ ಇಟ್ಟಳು. ಬ್ಯಾಂಡೇಜು ಸುತ್ತಿದ ಎಡಗೈಯೇ ಮೊದಲು ಮುಂದೆ ಬಂತು.

“ನೀವು ಎಡಚರಾ?”

ಆಕೆ ಮೊದಲ ಸಲ ನಕ್ಕಳು. ಆ ಬಾಗಿಲು ಬಲಗೈಯವರಿಗೆಂದು ಮಾಡಿದ್ದು. ಎಡಗೈ ಹಾಕಿದರೆ ಪ್ರತಿ ಸಲವೂ ಮೊಣಕೈಗೆ ಬಡಿಯುತ್ತಿತ್ತು. ಅದಕ್ಕೇ ತಂತಿ. ಎಷ್ಟೋ ವರ್ಷದಿಂದ ಅಲ್ಲಿ ದುಡಿಯುತ್ತಿದ್ದರೂ ಯಾರೂ ಕೇಳಿರಲಿಲ್ಲ.

“ನನ್ನನ್ನು ತೆಗೆದುಬಿಡ್ತಾರಾ?” ಎಂದು ಆಕೆ ಕೇಳಿದಳು.

“ಇಲ್ಲ. ತಪ್ಪು ನಿಮ್ಮದಲ್ಲ. ಆ ವರದಿಗೆ ಸಹಿ ಹಾಕಿದವಳು ನಾನು. ಕ್ಷಮಿಸಿ.”

ಹುಡುಗಿ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಆಕೆ ಪರದೆಗೆ ಮುಖ ಹತ್ತಿರ ತಂದು ಏನೋ ಕೇಳಿದಳು. “ನಿಮ್ಮಲ್ಲಿ ಇನ್ನೂ ಬೆಳಿಗ್ಗೆ ಅಲ್ವಾ, ಕಾಫಿ ಆಯ್ತಾ ಅಂತ ಕೇಳ್ತಿದ್ದಾರೆ,” ಎಂದಳು ಹುಡುಗಿ.

ಆ ಕಾರ್ಖಾನೆಯ ಮ್ಯಾನೇಜರಿಗೆ ಯಂತ್ರ ಬೇಗ ಓಡಿದರೆ ಸಾಕಿತ್ತು. ನಾನು ಹಟ ಹಿಡಿದು ವರದಿ ತಿದ್ದಿಸಿದೆ. ಎರಡೂ ಕಡೆಯಿಂದ ಕೈ ಹಾಕಬಹುದಾದ ಬಾಗಿಲು ಕೂರಿಸಿದ ಮೇಲೇ ಇನ್ಸ್‌ಪೆಕ್ಟರ್ ಒಪ್ಪಿದ್ದು. ಗಾಯ ಮಾಗಿದ ಮೇಲೆ ಆಕೆ ಅದೇ ಯಂತ್ರಕ್ಕೆ ಮರಳಿದಳು.

ಆ ವಿಡಿಯೋ ಕಾಲ್ ಆದ ವಾರದ ಶನಿವಾರ, ಹೂಸ್ಟನ್ನಿನಲ್ಲಿ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ನಾನು ಸದಾ ಹೋಗುತ್ತಿದ್ದ ಹೋಟೆಲಿಗೆ ಹೋದೆ. ಅಲ್ಲಿ ಬೆಳಗಾವಿ ಕಡೆಯ ಆಂಟಿಯೊಬ್ಬರು ಜೋಳದ ರೊಟ್ಟಿ ಬಡಿಯುತ್ತಿದ್ದರು. ನಡುನಡುವೆ ಭುಜ ಒತ್ತಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ. ಅಂದು ಅಡುಗೆಮನೆ ಬಾಗಿಲಲ್ಲಿ ನಿಂತು, “ಭುಜ ಯಾಕ ನೋಯ್ತದರಿ ಆಂಟಿ?” ಎಂದೆ.

“ಈ ಟೇಬಲ್ ನನಗ ಎದಿಮಟ ಬರ್ತದವಾ. ಬಡದು ಬಡದು ಕೈ ಮ್ಯಾಲ ಎತ್ತಲಿಕ್ಕ ಆಗಂಗಿಲ್ಲ.”

ಮಾಲೀಕರನ್ನು ಕರೆದು ತೋರಿಸಿದೆ. ಒಳ್ಳೆಯ ಮನುಷ್ಯ, ಸ್ಟೋರ್‌ರೂಮಿನಿಂದ ಗಿಡ್ಡ ಟೇಬಲ್ಲೊಂದನ್ನು ತಾವೇ ಎಳೆದುಕೊಂಡು ಬಂದರು. “ಮೊದಲೇ ಹೇಳೋದಲ್ವಾ ಆಂಟಿ?” ಎಂದು ಪೇಚಾಡಿದರು.

ಆಂಟಿ ಹೊಸ ಟೇಬಲ್ಲಿನ ಮೇಲೆ ಹಿಟ್ಟು ಉದುರಿಸುತ್ತಾ, “ನೀ ಯಾವಾಗ ಕೇಳಿದ್ದೀಪಾ?” ಎಂದರು.