ಅಕ್ಕ ಕಲಿಸಿಕೊಟ್ಟ ಉತ್ತರ

ನಮ್ಮ ವಿಭಾಗದಲ್ಲಿ ಅವರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ಅವರಿಗಿಂತ ಹತ್ತು ವರ್ಷ ಹಿರಿಯರಾದ ಪ್ರೊಫೆಸರ್ ಕೂಡ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಸಂಶೋಧನೆ ಕಲಿಯಲು ಬರುವ ಹೊಸ ಡಾಕ್ಟರುಗಳನ್ನು ತಿದ್ದಿ ತೀಡುವುದು ಅಕ್ಕನ ಕೆಲಸ. ಹೊಸ ಔಷಧಿಯ ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಕೇಳುವುದು ಹೇಗೆ ಎಂಬುದು ಮೊದಲ ಪಾಠ. ಅದಕ್ಕಾಗಿ ಅಕ್ಕ ತಾವೇ ರೋಗಿಯ ವೇಷ ಕಟ್ಟುತ್ತಾರೆ. ಒಂದು ದಿನ ಕಿವಿ ಕೇಳದ ಅಜ್ಜಿ, ಇನ್ನೊಂದು ದಿನ ಎಲ್ಲದಕ್ಕೂ ಹೂಂಗುಟ್ಟುವ ಯಜಮಾನ. ಆ ಹೂಂ ನಂಬಿ ಸಹಿಗೆ ಕಾಗದ ಚಾಚಿದ ಡಾಕ್ಟರ ಗತಿ ಕೇಳಬೇಡಿ. ಪಕ್ಕದ ಮೇಜಿನಲ್ಲಿ ರೋಗಿಗಳ ವಿವರ ಕಂಪ್ಯೂಟರಿಗೆ ತುಂಬುವ ನನಗೆ ಅದು ಪುಕ್ಕಟೆ ನಾಟಕ.

ಅಕ್ಕನ ಅಣ್ಣ ಬಡಗಿ. ಅಪ್ಪ ಹೋದ ಮೇಲೆ ಉಳಿ ಹಿಡಿದು ತಂಗಿಯನ್ನು ಓದಿಸಿದವರು. ಈಗ ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿ. ಅದೇ ಕಾಯಿಲೆಗೆ ನಮ್ಮಲ್ಲಿ ಹೊಸ ಮಾತ್ರೆಯ ಪ್ರಯೋಗ ನಡೆಯುತ್ತಿತ್ತು. ಒಂದೇ ಒಂದು ಜಾಗ ಉಳಿದಿತ್ತು, ಅಣ್ಣನನ್ನು ಕರೆತಂದ ದಿನವೇ ಸೇರುವುದಕ್ಕೆ ಕೊನೆಯ ದಿನ. ಅಕ್ಕ ಸಂಬಂಧವನ್ನು ಮುಚ್ಚಿಡಲಿಲ್ಲ. ಸೇರಲಿ, ಆದರೆ ಒಪ್ಪಿಗೆ ಕೇಳುವ ಕೋಣೆಗೆ ನೀವು ಕಾಲಿಡಕೂಡದು ಎಂದರು ಪ್ರೊಫೆಸರ್. ಸಾಕ್ಷಿಗೆ ನನ್ನನ್ನು ಕೂರಿಸಿದರು. ಒಪ್ಪಿಗೆ ಕೇಳುವ ಸರದಿ ಬಂದದ್ದು ನಾವೆಲ್ಲ ಪಿಸುಮಾತಿನ ಡಾಕ್ಟರು ಎಂದು ಕರೆಯುತ್ತಿದ್ದ ಹುಡುಗಿಗೆ. ದನಿ ಸಾಲದು ಎಂದು ಆಕೆ ಅಕ್ಕನಿಂದ ಬೈಸಿಕೊಳ್ಳದ ದಿನವಿರಲಿಲ್ಲ.

ಬಾಗಿಲಿನ ಮಬ್ಬು ಗಾಜಿನಾಚೆ ಅಕ್ಕ ನಿಂತಿದ್ದು ಕಾಣುತ್ತಿತ್ತು. ಒಳಗೆ ಡಾಕ್ಟರು ನಿಧಾನವಾಗಿ ವಿವರಿಸಿದರು. ಅರ್ಧ ಜನರಿಗೆ ಔಷಧಿ, ಉಳಿದರ್ಧಕ್ಕೆ ಔಷಧಿಯೇ ಇಲ್ಲದ ಅದೇ ಥರದ ಮಾತ್ರೆ, ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಆಗಾಗ ರಕ್ತ ಕೊಡಬೇಕು, ಗಂಟಲಿನಿಂದ ಕೊಳವೆ ಇಳಿಸಿ ನೋಡುತ್ತಾರೆ. ಇಷ್ಟು ಹೇಳಿ, ಏನು ತಿಳಿಯಿತೋ ನಿಮ್ಮ ಮಾತಿನಲ್ಲೇ ಹೇಳಿ ಎಂದರು. ಸರಿಯಾಗಿ ತಿಳಿಯದವರನ್ನು ಅಂದು ಸೇರಿಸಿಕೊಳ್ಳುವಂತಿಲ್ಲ.

ಬಡಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡಿದರು. ಗುಣವಾಗುತ್ತದೆಂಬ ಖಾತ್ರಿಯಿಲ್ಲ, ಅಪಾಯವೂ ಉಂಟು, ಯಾವಾಗ ಬೇಕಾದರೂ ಬಿಡಬಹುದು. ಒಂದಕ್ಷರ ಆಚೀಚೆ ಆಗಲಿಲ್ಲ. ಅವು ಪಾಠದಲ್ಲಿ ನಾನು ದಿನಾ ಕೇಳುವ ಅಕ್ಕನ ಮಾತುಗಳು, ನಡುವೆ ತಡೆದು ನಿಲ್ಲುವ ಜಾಗ ಕೂಡ ಅಕ್ಕನದೇ. ಮನೆಯಲ್ಲಿ ಡಾಕ್ಟರ ವೇಷ ಕಟ್ಟಿ ಅಣ್ಣನಿಗೆ ಬಾಯಿಪಾಠ ಮಾಡಿಸಿದ್ದರು. ಇಷ್ಟು ವರ್ಷ ರೋಗಿಯಾಗಿ ನಟಿಸಿದವರಿಗಲ್ಲದೆ ಬೇರೆ ಯಾರಿಗೆ ಇಂಥ ಬುದ್ಧಿ ಹೊಳೆದೀತು?

ಡಾಕ್ಟರಿಗೂ ತಿಳಿದುಹೋಯಿತು. ಒಮ್ಮೆ ಗಾಜಿನತ್ತ ನೋಡಿದರು. ಸುಮ್ಮನೆ ಸಹಿ ಹಾಕಿಸಿಕೋ ತಾಯಿ, ನಿನ್ನ ಗಂಟೇನು ಹೋಗುತ್ತದೆ ಎಂದು ನಾನು ಮನಸ್ಸಿನಲ್ಲೇ ಗೋಗರೆದೆ. ಸಾಕ್ಷಿಗೆ ಕೂತವಳು ಹಾಗೆ ಬಯಸಬಾರದು ನಿಜ. ಆದರೆ ಆ ನೀಲಿ ತುಟಿಗಳನ್ನು ನೀವು ನೋಡಿಲ್ಲ.

ಆಕೆ ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು.

"ನೀವು ಹೇಳಿದ್ದೆಲ್ಲ ಸರಿ ಇದೆ. ಆದ್ರೆ ಇದು ನಿಮಗೆ ಬೇಕಾ?"

ಈ ಪ್ರಶ್ನೆಯನ್ನು ಅಕ್ಕ ಕಲಿಸಿರಲಿಲ್ಲ. ಬಡಗಿ ಅಂಗೈಯ ಜಡ್ಡು ಉಜ್ಜಿದರು, ಬಾಗಿಲು ನೋಡಿದರು, ಮತ್ತೆ ಅಂಗೈ ನೋಡಿಕೊಂಡರು. ಕೊನೆಗೆ, ಬೇಡ ಎಂದರೆ ತಂಗಿಯ ಕೆಲಸಕ್ಕೆ ತೊಂದರೆಯೇ ಎಂದು ಕೇಳಿದರು. ಏನೇನೂ ಇಲ್ಲ ಎಂದರು ಡಾಕ್ಟರು.

"ಹಂಗಾದ್ರೆ ಬೇಡಮ್ಮ. ಸೂಜಿ, ಕೊಳವೆ ಎಲ್ಲ ಸಾಕಾಗಿದೆ. ಇರೋ ಉಸಿರಲ್ಲಿ ಮನೇಲಿ ಬಿಸಿಲು ಕಾಯ್ಕೊಂಡು ಇರ್ತೀನಿ. ಅವಳಿಗೆ ಹೇಳೋಕೆ ಬಾಯೇ ಬರ್ಲಿಲ್ಲ. ಎಷ್ಟು ಆಸೆಯಿಂದ ಹೇಳ್ಕೊಡ್ತಿದ್ಲು."

ಹೊರಗೆ ಹೋಗಿ ತಿಳಿಸುವ ಕರ್ಮ ನನ್ನ ಪಾಲಿಗೆ ಬಂತು. ಕೇಳಿದ್ದು ಕೇಳಿದ ಹಾಗೆ ಒಪ್ಪಿಸಿದೆ. ಅಕ್ಕನ ಮುಖ ಕೆಂಡವಾಯಿತು.

"ಅವಳ್ಯಾಕೆ ಅದನ್ನ ಕೇಳೋಕೆ ಹೋದ್ಲು?"

ಅಕ್ಕ ಗೋಡೆಗೆ ಒರಗಿದರು. ಸಿಟ್ಟು ಇಳಿದ ಮೇಲೆ ಆ ಮುಖದಲ್ಲಿ ಉಳಿದದ್ದನ್ನು ನೋಡಲಾಗದೆ ನಾನು ನೆಲ ನೋಡಿದೆ.

"ನಾನೂ ಕೇಳ್ಬಹುದಿತ್ತಲ್ಲ," ಎಂದರು ಸಣ್ಣ ದನಿಯಲ್ಲಿ.

ಜಾಗ ಖಾಲಿಯಾದರೆ ಮುಂದಿನ ರೋಗಿಗೆ ಫೋನು ಮಾಡುವುದೂ ಅಕ್ಕನ ಕೆಲಸವೇ. ನಾನು ಮಾಡುತ್ತೇನೆ ಎಂದರೂ ಬಿಡಲಿಲ್ಲ. ಅಣ್ಣ ಹೊರಗೆ ಬಂದು, ತಪ್ಪು ಮಾಡಿದವರ ಹಾಗೆ ಬಾಗಿಲ ಬಳಿ ನಿಂತಿದ್ದರು. ಅವರನ್ನೇ ನೋಡುತ್ತಾ ಅಕ್ಕ ಫೋನಿನಲ್ಲಿ ಯಾರೋ ಅಪರಿಚಿತರಿಗೆ, ಸಂಜೆಯೊಳಗೆ ಬಂದರೆ ಒಂದು ಜಾಗವಿದೆ ಎಂದು ಹೇಳಿದರು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಮುಂದುವರಿಸಿದರು.

"ಆದ್ರೆ ಒಂದು ಮಾತು. ಮನೇಲಿ ಯಾರೋ ಆಸೆ ಪಟ್ರು ಅಂತ ಬರಬೇಡಿ."