ತುಳಿಯಲು ಬರುವವರಿಗೆ ಮಾತ್ರ

ಅಪ್ಪ ಸಾಯುವಾಗ ತಮ್ಮನಿಗೆ ತೋಟ ಬಂತು, ನನಗೆ ಕಾಲು ಹಾರ್ಮೋನಿಯಂ. ಮೇಜಿನಷ್ಟು ದೊಡ್ಡ ಪೆಟ್ಟಿಗೆ, ಅಡಿಯಲ್ಲಿ ತುಳಿಯುವುದಕ್ಕೆ ಎರಡು ಹಲಗೆ. ತುಳಿದರೆ ಗಾಳಿ, ಗಾಳಿ ಇದ್ದರೆ ಸ್ವರ. ನನಗೆ ಬಾರಿಸಲು ಬರುವುದಿಲ್ಲ. ಹೆಣ್ಣಿಗೆ ಯಾಕೆ ಎಂದು ಅಪ್ಪನೇ ಕಲಿಸಲಿಲ್ಲ. ಆದರೆ ಅವರ ಒಂದು ಕಾಲಿಗೆ ಆನೆಕಾಲು ರೋಗ, ತುಳಿಯಲು ಆಗದು. ಊರಿನ ನಾಟಕಗಳಿಗೆ ಅವರು ಬಾರಿಸುವಾಗ ನಾನು ಪೆಟ್ಟಿಗೆಯ ಅಡಿಯಲ್ಲಿ ಕೂತು ಹಲಗೆಗಳನ್ನು ಕೈಯಿಂದ ಒತ್ತುತ್ತಿದ್ದೆ. ಗಾಳಿ ತಪ್ಪಿದರೆ ಮೇಲಿನಿಂದ ಬೈಗುಳ. ಸರಿಯಾದರೆ ಹೊಗಳಿಕೆ, ಅದು ಅಪ್ಪನಿಗೆ. ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು, ಈ ಕೆಲಸ ಬಿಡಿಸಲಿಲ್ಲ.

ಈಗ ನನಗೆ ಎಪ್ಪತ್ತಾರು. ನಾನು ಸತ್ತರೆ ಪೆಟ್ಟಿಗೆ ಮೀಂಜದಲ್ಲಿರುವ ತಮ್ಮನ ಹೊಸ ಮನೆ ಸೇರುವುದು ಖಂಡಿತ. ಮನೆಯೆದುರಿನ ಸಿಟೌಟಿನಲ್ಲಿ ಜಾಗ ಗುರುತು ಮಾಡಿ ಇಟ್ಟಿದ್ದಾನೆ. ಮೇಲೆ ಮನಿಪ್ಲಾಂಟಿನ ಕುಂಡ ಇಡುವುದಂತೆ. ನನ್ನ ಹೆಣ ಎತ್ತುವ ಮೊದಲು ಅವನು ಇದನ್ನು ಎತ್ತುತ್ತಾನೆ. ಹಾಗಾಗಿ ಜೀವ ಇರುವಾಗಲೇ ಬಾರಿಸುವ ಯಾರಿಗಾದರೂ ಸುಮ್ಮನೆ ಕೊಟ್ಟುಬಿಡಲು ಹೊರಟೆ. ನನ್ನೆದುರು ತುಳಿದು ಒಂದು ಹಾಡು ಮುಗಿಸಬೇಕು, ಅಷ್ಟೇ.

ಸೊಸೆ ಫೋನಿನಲ್ಲಿ ಪೆಟ್ಟಿಗೆಯ ಫೋಟೋ ಹಾಕಿದಳು. ಒಬ್ಬರು ಸಂಗೀತ ಮಾಸ್ಟ್ರು ಬಂದು ರಾಗದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕೂತ ಮೇಲೆ ಕೈ ಆಡುವಾಗ ಕಾಲು ಮರೆತರು, ಕಾಲು ನೆನಪಾದಾಗ ಕೈ ಮರೆತರು. ಹಾರ್ಮೋನಿಯಂ ಗೂರಲಿನ ಮುದುಕನ ಹಾಗೆ ಕೆಮ್ಮಿತು. ಭಜನೆಯ ಹೆಂಗಸೊಬ್ಬಳು ಇದಕ್ಕೆ ಮೋಟರ್ ಸಿಕ್ಕಿಸಲು ಆಗುತ್ತದಾ ಎಂದು ಕೇಳಿದಳು. ಚಾ ಕೊಟ್ಟು ಕಳಿಸಿದೆ.

ಆಮೇಲೆ ಕಾಸರಗೋಡಿನಿಂದ ಒಬ್ಬರು ಬ್ಯಾರಿ ಟೈಲರ್ ಬಂದರು. ಮದುವೆಮನೆಗಳಲ್ಲಿ ಹಾಡುವವರಂತೆ. ಸುದ್ದಿ ತಿಳಿದು ತಮ್ಮನೂ ಬಂದು ಜಗಲಿಯಲ್ಲಿ ಕೂತಿದ್ದ. ಟೈಲರ್ ಚಪ್ಪಲಿ ಕಳಚಿ ಎರಡೂ ಪಾದ ಹಲಗೆಯ ಮೇಲಿಟ್ಟರು. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಕಾಲು. ಮೇಲೆ ಕೈ ಎಂತ ಮಾಡುತ್ತದೆ ಎಂದು ಅದು ವಿಚಾರಿಸಲೇ ಇಲ್ಲ. ಮೂರು ಸ್ವರ ಸತ್ತಿದ್ದವು. ಅವನ್ನು ದಾಟಿಕೊಂಡೇ ಅವರ ಬ್ಯಾರಿ ಭಾಷೆಯ ಮದುವೆ ಹಾಡೊಂದನ್ನು ಪೂರ್ತಿ ಮುಗಿಸಿದರು. ಹಾಡು ನನಗೆ ಅರ್ಧ ತಿಳಿಯಿತು. ಗಾಳಿ ಎಲ್ಲಿಯೂ ತಪ್ಪಲಿಲ್ಲ, ಅದು ಪೂರ್ತಿ ತಿಳಿಯಿತು.

ಎಲ್ಲಿ ಇಡುತ್ತೀರಿ ಎಂದು ಕೇಳಿದೆ.

"ಅಂಗಡಿಯಲ್ಲೇ ಅಮ್ಮ, ಮೆಷಿನಿನ ಹತ್ತಿರ. ಮನೆಯಲ್ಲಿ ಜಾಗ ಇಲ್ಲ."

ತಮ್ಮ ಎದ್ದ. "ಅಪ್ಪನ ಪೆಟ್ಟಿಗೆ ಟೈಲರಂಗಡಿಯಲ್ಲಾ ಅಕ್ಕ? ಅವರ ಆತ್ಮಕ್ಕೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ?"

"ಅಪ್ಪನ ಆತ್ಮಕ್ಕೆ ಗಾಳಿ ಹಾಕಿದ್ದು ನಾನು ಮಾರಾಯ. ನೀನು ಎಲ್ಲಿದ್ದೆ?"

"ನಾನು ಆಗ ಸಣ್ಣವ."

"ಈಗ ದೊಡ್ಡವ ಅಲ್ವಾ. ಕೂತು ತುಳಿ. ಒಂದು ಹಾಡು ಮುಗಿಸಿದ್ರೆ ನಿನಗೇ."

ಕೂತ ಸಹ. ಹೊಟ್ಟೆ ಅಡ್ಡ ಬಂದು ಕೈ ಸ್ವರದ ಕಡ್ಡಿಗಳಿಗೆ ಸರಿಯಾಗಿ ಮುಟ್ಟಲಿಲ್ಲ. ನಾಲ್ಕು ಸಲ ತುಳಿದು, ಮಂಡಿ ಹಿಡಿದುಕೊಂಡು ಎದ್ದ. ಟೈಲರ್ ನಗಲಿಲ್ಲ. ನಾನು ನಕ್ಕೆ.

ಗೇಟಿನಲ್ಲಿ ಟೈಲರ್ ತಂದ ಗೂಡ್ಸ್ ರಿಕ್ಷಾ ಕಾಯುತ್ತಿತ್ತು. ಪೆಟ್ಟಿಗೆ ಎತ್ತಲು ಇಬ್ಬರು ಬೇಕು. ಅಪ್ಪನ ಮೇಲೆ ಅಷ್ಟು ಪ್ರೀತಿ ಇದ್ದರೆ ಆ ಕಡೆ ಹಿಡಿ ಎಂದು ತಮ್ಮನಿಗೆ ಹೇಳಿದೆ. ಹಿಡಿದ. ಮೆಟ್ಟಿಲು ಇಳಿಯುವಾಗ, ಎಲ್ಲಿಗೂ ತಾಗಿಸಬೇಡಿ, ಸ್ವಲ್ಪ ನಿಧಾನ ಎಂದು ಟೈಲರಿಗೆ ಹೇಳುತ್ತಲೇ ಇದ್ದ.